ಎಂಟು ಓಮ್ ಎಂಬ ಸುಳ್ಳು: ಟೂ-ವೇ ಸ್ಪೀಕರ್‌ಗೆ ಕ್ರಾಸ್‌ಓವರ್ ವಿನ್ಯಾಸ

(ಬೆಂಗಳೂರಿನಲ್ಲಿ ಸ್ಪೀಕರ್ ಕಟ್ಟುವ ಹವ್ಯಾಸಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ಹಲಗೆಯ ಮೇಲೆ ಬರೆದ ಲೆಕ್ಕಗಳನ್ನು ಮಾತಿನೊಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎಸ್.ಪಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ‘ಟೂ-ವೇ ಕ್ರಾಸ್‌ಓವರ್ ಕೊಡಿ’ ಎಂದು ಕೇಳಿದರೆ ಅಂಗೈ ಅಗಲದ ಒಂದು ಬೋರ್ಡ್ ಸಿಗುತ್ತದೆ. ಕೆಳಗಿನ ಸ್ವರಗಳನ್ನು ದೊಡ್ಡ ಸ್ಪೀಕರ್ ಘಟಕಕ್ಕೆ (ವೂಫರ್), ಮೇಲಿನವನ್ನು ಚಿಕ್ಕ ಘಟಕಕ್ಕೆ (ಟ್ವೀಟರ್) ಹಂಚುವ ಸರ್ಕ್ಯೂಟ್ ಅದು. ಎರಡು ಕಾಯಿಲ್, ಎರಡೋ ಮೂರೋ ಕೆಪಾಸಿಟರ್, ಒಂದು ಬಿಳಿಯ ಸಿಮೆಂಟ್ ರೆಸಿಸ್ಟರ್. ಮೇಲೆ ‘8 ಓಮ್, 3000 ಹರ್ಟ್ಸ್’ ಎಂದು ಅಚ್ಚಾಗಿರುತ್ತದೆ. ಯಾವ ವೂಫರ್‌ಗೆ, ಯಾವ ಟ್ವೀಟರ್‌ಗೆ, ಎಷ್ಟು ಅಗಲದ ಪೆಟ್ಟಿಗೆಗೆ ಎಂದು ಮಾರುವವರು ಕೇಳುವುದಿಲ್ಲ, ಕೊಳ್ಳುವವರು ಹೇಳುವುದಿಲ್ಲ. ಇಂದು ನನ್ನ ವಾದವೆಲ್ಲ ಇಷ್ಟೇ: ಆ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದೆ ಕ್ರಾಸ್‌ಓವರ್ ವಿನ್ಯಾಸ ಮಾಡಲು ಸಾಧ್ಯವೇ ಇಲ್ಲ. ನಾವು ವಿಂಗಡಿಸಬೇಕಾದದ್ದು ವಿದ್ಯುತ್ತನ್ನಲ್ಲ. ಎರಡು ಕಡೆಯಿಂದ ಹೊರಟ ಶಬ್ದಗಳು ಕೇಳುಗನ ಕಿವಿಯ ಬಳಿ ಒಂದಾಗಿ ಸೇರಬೇಕು, ಕೆಲಸ ಅದು.

ಎರಡು ಘಟಕಗಳು ಬೇಕೇ ಎಂಬುದನ್ನು ಬೇಗ ಮುಗಿಸುತ್ತೇನೆ. 20 ಹರ್ಟ್ಸ್‌ನಿಂದ 20,000 ಹರ್ಟ್ಸ್ ಎಂದರೆ ಸಂಗೀತದ ಲೆಕ್ಕದಲ್ಲಿ ಹತ್ತು ಸ್ಥಾಯಿ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಹಾಗಾಗಿ ತೀರ ಕೆಳಗಿನ ಸ್ವರದ ತರಂಗಾಂತರ 17 ಮೀಟರ್, ತೀರ ಮೇಲಿನದು 1.7 ಸೆಂಟಿಮೀಟರ್. ಶಬ್ದದ ಮಟ್ಟ ಅಷ್ಟೇ ಇರಬೇಕೆಂದರೆ ಒಂದು ಸ್ಥಾಯಿ ಕೆಳಗಿಳಿದಂತೆಲ್ಲ ಕೋನ್ ನಾಲ್ಕು ಪಟ್ಟು ಹೆಚ್ಚು ದೂರ ಚಲಿಸಬೇಕು. ಮಂದ್ರಕ್ಕೆ ದೊಡ್ಡ ಕೋನ್ ಬೇಕು. ಆದರೆ ದೊಡ್ಡ ಕೋನ್ ತನ್ನ ವ್ಯಾಸಕ್ಕಿಂತ ಚಿಕ್ಕ ತರಂಗಗಳನ್ನು ಟಾರ್ಚ್ ಬೆಳಕಿನ ಹಾಗೆ ನೇರ ಮುಂದಕ್ಕಷ್ಟೇ ಎಸೆಯುತ್ತದೆ. ಇವೆರಡೂ ಒಂದೇ ಕೋನ್‌ನಲ್ಲಿ ಹೊಂದಿಕೆಯಾಗುವುದಿಲ್ಲ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಜೋಡಿಯನ್ನು ಇಟ್ಟುಕೊಳ್ಳೋಣ. ಕಾಗದದ ಕೋನ್‌ನ ಆರೂವರೆ ಇಂಚಿನ ವೂಫರ್: ಮಲ್ಟಿಮೀಟರ್‌ನಲ್ಲಿ ಅಳೆದರೆ ರೋಧ 6 ಓಮ್, ವಾಯ್ಸ್ ಕಾಯಿಲ್‌ನ (ಕೋನನ್ನು ಅಲುಗಿಸುವ ಒಳಗಿನ ತಂತಿಸುರುಳಿ) ಇಂಡಕ್ಟೆನ್ಸ್ 0.6 ಮಿಲಿಹೆನ್ರಿ, 2.83 ವೋಲ್ಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್. ರೇಷ್ಮೆ ಡೋಮ್‌ನ ಒಂದು ಇಂಚಿನ ಟ್ವೀಟರ್: ಅನುರಣನೆ, ಅಂದರೆ ಡೋಮ್ ತಾನಾಗಿ ಕಂಪಿಸಲು ಒಲಿಯುವ ಆವರ್ತನ, 800 ಹರ್ಟ್ಸ್; ಸೆನ್ಸಿಟಿವಿಟಿ, ಅಂದರೆ ಅದೇ ವೋಲ್ಟ್‌ಗೆ ಅದೇ ದೂರದಲ್ಲಿ ಕೊಡುವ ಶಬ್ದ, 91 ಡೆಸಿಬೆಲ್. ಪೆಟ್ಟಿಗೆಯ ಮುಂಭಾಗದ ಅಗಲ 22 ಸೆಂಟಿಮೀಟರ್, ಎರಡೂ ಘಟಕಗಳ ಕೇಂದ್ರಗಳ ನಡುವೆ 15 ಸೆಂಟಿಮೀಟರ್. ಯಾವ ಕಂಪನಿಯ ಅಂಕಿಗಳೂ ಅಲ್ಲ ಇವು, ಲೆಕ್ಕಕ್ಕೆಂದು ಆರಿಸಿಕೊಂಡವು. ಆದರೆ ಈ ಗಾತ್ರದ ಜೋಡಿಗಳಲ್ಲಿ ಕಾಣುವಂಥವೇ.

ಎಲ್ಲಿ ಕೈ ಬದಲಾಗಬೇಕು, ಅಂದರೆ ಯಾವ ಆವರ್ತನದಲ್ಲಿ ವೂಫರ್ ಬಿಟ್ಟದ್ದನ್ನು ಟ್ವೀಟರ್ ಹಿಡಿಯಬೇಕು? ಟ್ವೀಟರನ್ನು ಅದರ ಅನುರಣನೆಯ ಎರಡು ಪಟ್ಟಿಗಿಂತ ಕೆಳಗೆ ದುಡಿಸಬಾರದು ಎಂಬುದು ಹಳೆಯ ಹೆಬ್ಬೆರಳ ಲೆಕ್ಕ. ಹಾಗಾದರೆ 1600 ಹರ್ಟ್ಸ್ ಕೆಳಗಿನ ಗಡಿ. ಜೋರಾಗಿ ಕೇಳುವವರಾದರೆ ಇನ್ನೂ ಸ್ವಲ್ಪ ಮೇಲೆ. ವೂಫರ್‌ನ ನಿಜವಾದ ಕೋನ್ ಸುಮಾರು 13 ಸೆಂಟಿಮೀಟರ್ ಅಗಲ. ತರಂಗಾಂತರ ಅಷ್ಟಾಗುವುದು 2640 ಹರ್ಟ್ಸ್‌ನಲ್ಲಿ. ಅದನ್ನು ದಾಟಿದರೆ ಪಕ್ಕದಲ್ಲಿ ಕುಳಿತವರಿಗೆ ವೂಫರ್‌ನ ಶಬ್ದ ಮಂಕಾಗುತ್ತದೆ, ಅಲ್ಲಿಂದ ಥಟ್ಟನೆ ಎಲ್ಲ ದಿಕ್ಕಿಗೂ ಹರಡುವ ಟ್ವೀಟರ್ ಶುರುವಾಗುತ್ತದೆ. ಕೋಣೆಯ ಗೋಡೆಗಳಿಂದ ಮರಳಿ ಬರುವ ಶಬ್ದದಲ್ಲಿ ಈ ನೆಗೆತ ಕೇಳುತ್ತದೆ. ಲೋಹದ ಕೋನ್ ಆಗಿದ್ದರೆ 5000 ಹರ್ಟ್ಸ್‌ನಿಂದ ಮೇಲೆ ಎಲ್ಲೋ ಒಂದು ಕಡೆ ಕೋನ್ ಗಂಟೆಯಂತೆ ಮೊಳಗುವ ಜಾಗವೂ ಇರುತ್ತದೆ, ಅದನ್ನು ಬೇರೆಯಾಗಿಯೇ ಅದುಮಬೇಕಾಗುತ್ತದೆ. ನಮ್ಮ ಜೋಡಿಗೆ 2200 ಹರ್ಟ್ಸ್ ಇರಲಿ. ಅಲ್ಲಿ ತರಂಗಾಂತರ 15.6 ಸೆಂಟಿಮೀಟರ್. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಪದೇ ಪದೇ ಬೇಕಾಗುತ್ತದೆ.

ಸೂತ್ರ ಹೇಳುವುದು, ವೂಫರ್ ಮಾಡುವುದು

ಪಠ್ಯಪುಸ್ತಕದ ಸೂತ್ರ ಸರಳ. ಆವರ್ತನ ಏರಿದಂತೆ ಕಾಯಿಲ್‌ನ ತಡೆ ಏರುತ್ತದೆ, ಕೆಪಾಸಿಟರ್‌ನದು ಇಳಿಯುತ್ತದೆ. ವೂಫರ್‌ಗೆ ಸರಣಿಯಲ್ಲಿ ಕಾಯಿಲ್, ಅಡ್ಡಲಾಗಿ, ಅಂದರೆ ಸಮಾಂತರವಾಗಿ, ಕೆಪಾಸಿಟರ್. ಟ್ವೀಟರ್‌ಗೆ ಅದರ ತಿರುವುಮುರುವು. 2200 ಹರ್ಟ್ಸ್, 8 ಓಮ್ ಎಂದು ಹಾಕಿದರೆ ಎರಡನೇ ದರ್ಜೆಯ, ಅಂದರೆ ಸ್ಥಾಯಿಗೆ 12 ಡೆಸಿಬೆಲ್ ಇಳಿಸುವ, ಲಿಂಕ್‌ವಿಟ್ಜ್-ರೈಲಿ ಫಿಲ್ಟರ್‌ಗೆ (ಆ ಹೆಸರಿನವರ ವಿಷಯ ಮುಂದೆ ಬರುತ್ತದೆ) 1.16 ಮಿಲಿಹೆನ್ರಿ ಕಾಯಿಲ್, 4.5 ಮೈಕ್ರೋಫ್ಯಾರಡ್ ಕೆಪಾಸಿಟರ್ ಎಂದು ಉತ್ತರ ಬರುತ್ತದೆ. ಮೊಬೈಲ್‌ನಲ್ಲೇ ಲೆಕ್ಕ ಮುಗಿಯುತ್ತದೆ. ಅಂಗಡಿಯ ಬೋರ್ಡ್ ಹುಟ್ಟಿದ್ದೂ ಹೀಗೆಯೇ.

ಈ ಲೆಕ್ಕದಲ್ಲಿ 8 ಓಮ್ ಎಂಬುದು ಎಲ್ಲ ಆವರ್ತನಗಳಲ್ಲೂ ಅಲುಗದ ಒಂದು ರೆಸಿಸ್ಟರ್. ನಮ್ಮ ವೂಫರ್ ಅಂಥದ್ದಲ್ಲ. 2200 ಹರ್ಟ್ಸ್‌ನಲ್ಲಿ ಅದರ ವಾಯ್ಸ್ ಕಾಯಿಲ್ ಒಂದೇ 8.3 ಓಮ್‌ನಷ್ಟು ತಡೆ ಒಡ್ಡುತ್ತದೆ. 6 ಓಮ್ ರೋಧದ ಜೊತೆ ಅದನ್ನು ವರ್ಗಮೂಲದ ಲೆಕ್ಕದಲ್ಲಿ ಕೂಡಿಸಿದರೆ ಒಟ್ಟು 10 ಓಮ್ ದಾಟುತ್ತದೆ, ಮೇಲೆ ಹೋದಂತೆ ಇನ್ನೂ ಏರುತ್ತದೆ. ಅತ್ತ ಟ್ವೀಟರ್ ತನ್ನ 800 ಹರ್ಟ್ಸ್‌ನ ಅನುರಣನೆಯಲ್ಲಿ ಇಂಪೀಡೆನ್ಸ್‌ನ, ಅಂದರೆ ಒಟ್ಟು ತಡೆಯ, ಒಂದು ಗುಡ್ಡವನ್ನೇ ಎಬ್ಬಿಸಿರುತ್ತದೆ. ಆ ಗುಡ್ಡದ ಮೇಲೆ ಫಿಲ್ಟರ್ ತನ್ನ ಕೆಲಸ ಮಾಡುವುದಿಲ್ಲ. ಯಾವುದನ್ನು ತಡೆಯಲೆಂದು ಹಾಕಿದೆವೋ ಅದೇ ಒಳಗೆ ನುಸುಳುತ್ತದೆ. ಡಬ್ಬದ ಮೇಲೆ ಅಚ್ಚಾದ ಎಂಟು ಓಮ್ ಎಂಬುದು ಆಂಪ್ಲಿಫೈಯರ್ ಕೊಳ್ಳುವವರ ಅನುಕೂಲಕ್ಕೆ ಹೇಳಿದ ದುಂಡು ಅಂಕಿ ಅಷ್ಟೇ.

ವೂಫರ್‌ನ ಈ ಏರುವಿಕೆಯನ್ನು ಸಮತಟ್ಟು ಮಾಡಲು ಜೋಬೆಲ್ ಎಂಬ ಉಪಾಯವಿದೆ: ವೂಫರ್‌ಗೆ ಅಡ್ಡಲಾಗಿ ಒಂದು ರೆಸಿಸ್ಟರ್ ಮತ್ತು ಒಂದು ಕೆಪಾಸಿಟರ್. ರೋಧದ ಒಂದೂಕಾಲು ಪಟ್ಟು ರೆಸಿಸ್ಟರ್, ಅಂದರೆ 7.5 ಓಮ್, ಇಂಡಕ್ಟೆನ್ಸನ್ನು ಅದರ ವರ್ಗದಿಂದ ಭಾಗಿಸಿದರೆ ಬರುವ ಸುಮಾರು 10.7 ಮೈಕ್ರೋಫ್ಯಾರಡ್. ಅಂಗಡಿಯಲ್ಲಿ 10 ಸಿಗುತ್ತದೆ, ಸಾಕು. ಟ್ವೀಟರ್‌ನ ಗುಡ್ಡಕ್ಕೆ ಕಾಯಿಲ್, ಕೆಪಾಸಿಟರ್, ರೆಸಿಸ್ಟರ್ ಮೂರನ್ನೂ ಸರಣಿಯಲ್ಲಿ ಪೋಣಿಸಿ ಅಡ್ಡ ಹಾಕಬಹುದು. ಹೀಗೆ ಘಟಕಗಳನ್ನು ಪಳಗಿಸಿ ಸೂತ್ರಕ್ಕೆ ಒಗ್ಗಿಸುವುದು ಒಂದು ದಾರಿ. ನನಗೆ ಅದರಲ್ಲಿ ಅಷ್ಟು ಒಲವಿಲ್ಲ. ಇಂಪೀಡೆನ್ಸ್ ಸರಿಹೋದರೂ ಶಬ್ದ ಸರಿಹೋಗಬೇಕೆಂದಿಲ್ಲ, ಏಕೆಂದರೆ ಘಟಕಗಳು ತಮ್ಮಷ್ಟಕ್ಕೆ ತಾವೇ ಫಿಲ್ಟರ್‌ಗಳು. ಟ್ವೀಟರ್ ತನ್ನ ಅನುರಣನೆಯ ಕೆಳಗೆ ಸ್ಥಾಯಿಗೆ 12 ಡೆಸಿಬೆಲ್‌ನಂತೆ ತಾನೇ ಇಳಿಯುತ್ತದೆ. ವೂಫರ್ ಮೇಲ್ಗಡೆ ತನ್ನದೇ ರೀತಿಯಲ್ಲಿ ಕುಸಿಯುತ್ತದೆ. ನಾವು ಹಾಕುವ ಫಿಲ್ಟರ್ ಮತ್ತು ಘಟಕದ ಸ್ವಂತ ಇಳಿಜಾರು ಕೂಡಿದಾಗ ಬರುವುದೇ ನಿಜವಾದ ಇಳಿಜಾರು. ಗುರಿ ಇಟ್ಟುಕೊಳ್ಳಬೇಕಾದದ್ದು ಅದಕ್ಕೆ. ಎರಡನೇ ದರ್ಜೆಯ ಫಿಲ್ಟರ್‌ನಿಂದ ನಾಲ್ಕನೇ ದರ್ಜೆಯ, ಅಂದರೆ ಸ್ಥಾಯಿಗೆ 24 ಡೆಸಿಬೆಲ್‌ನ ಶಬ್ದದ ಇಳಿಜಾರನ್ನು ಪಡೆಯುವುದು ಹೀಗೆಯೇ. ಉಳಿದರ್ಧವನ್ನು ಘಟಕ ಪುಕ್ಕಟೆ ಕೊಡುತ್ತದೆ.

ಬಿಬಿಸಿಯ ಪುಟ್ಟ ಪೆಟ್ಟಿಗೆ

ಈ ಮಾತಿಗೆ ಒಳ್ಳೆಯ ಸಾಕ್ಷಿ ಬ್ರಿಟನ್ನಿನ ಎಲ್‌ಎಸ್3/5ಎ ಎಂಬ ಸ್ಪೀಕರ್. ಬಿಬಿಸಿಯ ಸಂಶೋಧನಾ ವಿಭಾಗದವರು ಸ್ಟುಡಿಯೋಗಳ ಶಬ್ದಗುಣವನ್ನು ಸಣ್ಣ ಮಾದರಿಗಳಲ್ಲಿ ಅಧ್ಯಯನ ಮಾಡುತ್ತಿದ್ದರು. ಆ ಪ್ರಯೋಗಗಳಿಗಾಗಿ ಬೆಳೆದ ಸಣ್ಣ ಸ್ಪೀಕರ್ 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನ್‌ಗಳಿಗೆ ಮಾನಿಟರ್ ಆಯಿತು. ಐದು ಲೀಟರಿನಷ್ಟು ಒಳಜಾಗದ ಮುಚ್ಚಿದ ಪೆಟ್ಟಿಗೆ. ಕೆಇಎಫ್ ಕಂಪನಿಯ ಬಿ110 ಎಂಬ ಐದು ಇಂಚಿನ ವೂಫರ್, ಟಿ27 ಎಂಬ ಮುಕ್ಕಾಲು ಇಂಚಿನ ಟ್ವೀಟರ್, ಕೈ ಬದಲಾಗುವುದು ಸುಮಾರು 3000 ಹರ್ಟ್ಸ್‌ನಲ್ಲಿ. ಅದರ ವಿನ್ಯಾಸದ ವರದಿಯನ್ನು ಬಿಬಿಸಿ 1976ರಲ್ಲಿ ಪ್ರಕಟಿಸಿತು. ಇಷ್ಟು ಚಿಕ್ಕ ಪೆಟ್ಟಿಗೆಗೆ ಅಷ್ಟು ಬಿಡಿಭಾಗಗಳೇ ಎಂದು ಅದರ ಕ್ರಾಸ್‌ಓವರ್ ನೋಡಿದವರು ಬೆರಗಾಗುತ್ತಾರೆ. ಬೆಕ್ಸ್‌ಟ್ರೀನ್ ಎಂಬ ಪ್ಲಾಸ್ಟಿಕ್ ಕೋನ್‌ನ ಬಿ110 ಮಧ್ಯದ ಆವರ್ತನಗಳಲ್ಲಿ ಉಬ್ಬುತ್ತಿತ್ತು, ಆ ಉಬ್ಬನ್ನು ತಗ್ಗಿಸುವ ಹೊಣೆಯೂ ಕ್ರಾಸ್‌ಓವರ್‌ನದೇ. ಟ್ವೀಟರ್‌ನ ಮಟ್ಟವನ್ನು ಹೊಂದಿಸಲು ಹಲವು ಟ್ಯಾಪ್‌ಗಳಿದ್ದ ಒಂದು ಆಟೋಟ್ರಾನ್ಸ್‌ಫಾರ್ಮರ್ ಇತ್ತು. ತಯಾರಾದ ಒಂದೊಂದು ಟ್ವೀಟರ್‌ನ ಮಟ್ಟವೂ ತುಸು ಬೇರೆಯಾಗಿರುತ್ತದೆ ಎಂದು ಒಪ್ಪಿಕೊಂಡು ಮಾಡಿದ ಏರ್ಪಾಡು ಅದು. ಟ್ವೀಟರ್‌ನ ಸುತ್ತ ದಪ್ಪ ಫೆಲ್ಟ್ ಬಟ್ಟೆ ಅಂಟಿಸಿದ್ದರು, ಪೆಟ್ಟಿಗೆಯ ಅಂಚಿಗೆ ಬಡಿದು ಚದುರುವ ಶಬ್ದವನ್ನು ಹೀರಲಿ ಎಂದು.

ಮುಖ್ಯವಾದದ್ದು ಮುಂದಿದೆ. ವರ್ಷಗಳು ಕಳೆದಂತೆ ಆ ಘಟಕಗಳ ಗುಣ ಮೂಲ ಅಳತೆಯಿಂದ ಮೆಲ್ಲನೆ ಸರಿಯತೊಡಗಿತು. ಹೆಸರು ಅದೇ, ಆಕಾರ ಅದೇ. ಆದರೂ 1980ರ ದಶಕದ ಕೊನೆಗೆ ಕ್ರಾಸ್‌ಓವರನ್ನು ಮತ್ತೆ ವಿನ್ಯಾಸ ಮಾಡಬೇಕಾಯಿತು. 15 ಓಮ್‌ನ ಸ್ಪೀಕರ್ 11 ಓಮ್‌ನದಾಯಿತು. ಅದೇ ಮಾದರಿಯ ಘಟಕ ತುಸು ಬದಲಾದದ್ದಕ್ಕೇ ಬಿಬಿಸಿ ತನ್ನ ಕ್ರಾಸ್‌ಓವರನ್ನು ಬಿಟ್ಟುಕೊಡಬೇಕಾಯಿತು ಎಂದಾದರೆ, ಯಾವ ಘಟಕವೆಂದು ಗೊತ್ತೇ ಇಲ್ಲದೆ ಮಾಡಿದ ಬೋರ್ಡಿನಿಂದ ಏನನ್ನು ನಿರೀಕ್ಷಿಸುತ್ತೀರಿ?

ಕೂಡುವುದು ಮತ್ತು ಕಳೆಯುವುದು

ಕೈ ಬದಲಾಗುವ ಆವರ್ತನದಲ್ಲಿ ಎರಡೂ ಘಟಕಗಳು ಒಂದೇ ಸ್ವರವನ್ನು ನುಡಿಸುತ್ತಿರುತ್ತವೆ. ಎರಡೂ ಒಟ್ಟಿಗೆ ಮುಂದೆ, ಒಟ್ಟಿಗೆ ಹಿಂದೆ ಚಲಿಸಿದರೆ ಶಬ್ದ ಇಮ್ಮಡಿಯಾಗುತ್ತದೆ, ಅಂದರೆ 6 ಡೆಸಿಬೆಲ್ ಏರುತ್ತದೆ. ಒಂದು ಮುಂದೆ ಬಂದಾಗ ಇನ್ನೊಂದು ಹಿಂದೆ ಹೋದರೆ ಶಬ್ದವೇ ಅಳಿಸಿಹೋಗುತ್ತದೆ. ನಡುವೆ ಏನೇನೋ ಆಗಬಹುದು. ಹಳೆಯ ಬಟರ್‌ವರ್ತ್ ಫಿಲ್ಟರ್‌ಗಳಲ್ಲಿ ಪ್ರತಿ ಘಟಕವೂ ಕೈ ಬದಲಾಗುವಲ್ಲಿ 3 ಡೆಸಿಬೆಲ್ ಇಳಿದಿರುತ್ತದೆ. ಎರಡೂ ಒಂದೇ ಫೇಸ್‌ನಲ್ಲಿದ್ದರೆ, ಅಂದರೆ ಒಟ್ಟಿಗೆ ಹಿಂದೆ ಮುಂದೆ ಚಲಿಸುತ್ತಿದ್ದರೆ, ಅಲ್ಲೊಂದು 3 ಡೆಸಿಬೆಲ್‌ನ ಗುಬ್ಬಟೆ ಏಳುತ್ತದೆ.

ಹ್ಯೂಲೆಟ್-ಪ್ಯಾಕರ್ಡ್‌ನಲ್ಲಿ ಎಂಜಿನಿಯರ್‌ಗಳಾಗಿದ್ದ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಮತ್ತು ರಸ್ ರೈಲಿ ಇದಕ್ಕೆ ಪರಿಹಾರ ಕಂಡರು. ಲಿಂಕ್‌ವಿಟ್ಜ್ ಅವರ ಪ್ರಬಂಧ ಪ್ರಕಟವಾದದ್ದು 1976ರಲ್ಲಿ. ಪ್ರತಿ ಘಟಕವೂ 6 ಡೆಸಿಬೆಲ್ ಇಳಿದಿರಲಿ, ಎರಡೂ ಒಂದೇ ಫೇಸ್‌ನಲ್ಲಿರಲಿ, ಕೂಡಿದಾಗ ಸಮತಟ್ಟು. ನಾಲ್ಕನೇ ದರ್ಜೆಯಲ್ಲಿ ಇದು ಸಹಜವಾಗಿಯೇ ಒದಗುತ್ತದೆ. ಎರಡನೇ ದರ್ಜೆಯಲ್ಲಿ ಎರಡರ ನಡುವೆ 180 ಡಿಗ್ರಿ, ಅಂದರೆ ಅರ್ಧ ತರಂಗದಷ್ಟು, ಅಂತರವಿರುವುದರಿಂದ ಟ್ವೀಟರ್‌ನ ತಂತಿಗಳನ್ನು ಅದಲುಬದಲು ಮಾಡಿ ಜೋಡಿಸಬೇಕು. ಆ ಪ್ರಬಂಧ ಆ್ಯಕ್ಟಿವ್ ಕ್ರಾಸ್‌ಓವರ್‌ಗಳ ಬಗ್ಗೆ, ಅಂದರೆ ಆಂಪ್ಲಿಫೈಯರ್‌ಗಿಂತ ಮೊದಲೇ ವಿಂಗಡಿಸುವವುಗಳ ಬಗ್ಗೆ, ಬರೆದದ್ದು, ಲಿಂಕ್‌ವಿಟ್ಜ್ ಕೊನೆಯವರೆಗೂ ಆ್ಯಕ್ಟಿವ್ ಪಕ್ಷದವರೇ. ಆಂಪ್ಲಿಫೈಯರ್ ಆದ ಮೇಲೆ ಕಾಯಿಲ್, ಕೆಪಾಸಿಟರ್‌ಗಳಿಂದ ವಿಂಗಡಿಸುವ ಪ್ಯಾಸಿವ್ ಕಟ್ಟುವ ನಾವು ಅವರ ಹೆಸರನ್ನು ದಿನಕ್ಕೆ ಹತ್ತು ಸಲ ಜಪಿಸುತ್ತೇವೆ.

ಕಾಗದದ ಮೇಲೆ ಎಲ್ಲವೂ ಚೆಂದ. ಆದರೆ ವೂಫರ್‌ನ ಕೋನ್ ಒಳಕ್ಕೆ ಇಳಿದಿರುತ್ತದೆ, ಟ್ವೀಟರ್‌ನ ಡೋಮ್ ಹಲಗೆಯ ಮಟ್ಟದಲ್ಲೇ ಇರುತ್ತದೆ. ಶಬ್ದ ಹೊರಡುವ ಜಾಗಗಳ ನಡುವೆ ಎರಡೂವರೆ ಸೆಂಟಿಮೀಟರ್ ವ್ಯತ್ಯಾಸ ಅಪರೂಪವೇನಲ್ಲ. 15.6 ಸೆಂಟಿಮೀಟರ್ ತರಂಗಾಂತರದಲ್ಲಿ ಎರಡೂವರೆ ಎಂದರೆ 58 ಡಿಗ್ರಿ. ಸೂತ್ರದ ಫಿಲ್ಟರ್ 180 ಡಿಗ್ರಿ ಎಂದುಕೊಂಡಿದೆ. ನಿಜದಲ್ಲಿ ಅದು 122 ಅಥವಾ 238. ಈಗ ತಂತಿ ತಿರುಗಿಸಿದರೂ ಪೂರ್ಣ ಕೂಡುವುದಿಲ್ಲ, ತಿರುಗಿಸದಿದ್ದರೂ ಪೂರ್ಣ ಅಳಿಯುವುದಿಲ್ಲ. ಕ್ರಾಸ್‌ಓವರ್ ವಿನ್ಯಾಸದ ಅರ್ಧಕ್ಕೂ ಹೆಚ್ಚು ಸಮಯ ಹೋಗುವುದು ಈ 58 ಡಿಗ್ರಿಯನ್ನು ಎಲ್ಲಿ ಸರಿದೂಗಿಸುವುದು ಎಂಬುದರಲ್ಲೇ. ಸಾಮಾನ್ಯವಾಗಿ ಟ್ವೀಟರ್ ಮತ್ತು ವೂಫರ್‌ನ ಇಳಿಜಾರುಗಳನ್ನು ಬೇರೆ ಬೇರೆ ಕಡಿದಾಗಿ ಇಟ್ಟು ಫೇಸ್‌ಗಳನ್ನು ಒಂದರ ಮೇಲೊಂದು ಬರುವಂತೆ ಮಾಡುತ್ತೇವೆ. ಅದಕ್ಕಾಗಿಯೇ ಒಳ್ಳೆಯ ಪ್ಯಾಸಿವ್ ಕ್ರಾಸ್‌ಓವರ್‌ಗಳಲ್ಲಿ ಎರಡು ಬದಿಗಳ ಬಿಡಿಭಾಗಗಳ ಮೌಲ್ಯಗಳು ಒಂದಕ್ಕೊಂದು ಹೋಲುವುದೇ ಇಲ್ಲ.

ಇಲ್ಲಿಗೇ ಮುಗಿಯಲಿಲ್ಲ. ಘಟಕಗಳು ಮೇಲೆ ಕೆಳಗೆ ಇರುವುದರಿಂದ, ಕೇಳುಗ ಮೇಲಕ್ಕೆ ಸರಿದರೆ ಟ್ವೀಟರ್ ಹತ್ತಿರವಾಗಿ ವೂಫರ್ ದೂರವಾಗುತ್ತದೆ. 15 ಸೆಂಟಿಮೀಟರ್ ಅಂತರಕ್ಕೆ ಸುಮಾರು 30 ಡಿಗ್ರಿ ಮೇಲೆ ಅಥವಾ ಕೆಳಗೆ ಹೋದರೆ ಎರಡೂ ಪೂರ್ತಿ ಅಳಿಸಿಕೊಳ್ಳುತ್ತವೆ. ಎರಡು ಮೀಟರ್ ದೂರದಲ್ಲಿ ಕುಳಿತವರು ಎದ್ದು ನಿಂತರೆ, ಅಂದರೆ ಕಿವಿ ಅರ್ಧ ಮೀಟರ್ ಮೇಲೇರಿದರೆ, 2200 ಹರ್ಟ್ಸ್‌ನಲ್ಲಿ ಎರಡೂವರೆ ಡೆಸಿಬೆಲ್‌ನಷ್ಟು ತಗ್ಗುತ್ತದೆ. ಘಟಕಗಳನ್ನು ಎಷ್ಟು ಹತ್ತಿರ ಕೂರಿಸಬಹುದೋ ಅಷ್ಟು ಹತ್ತಿರ ಕೂರಿಸಿ. ನೋಡಲು ಚೆಂದವೆಂದು ನಡುವೆ ಜಾಗ ಬಿಡಬೇಡಿ. ಪೆಟ್ಟಿಗೆಯನ್ನು ಅಡ್ಡ ಮಲಗಿಸಿ ಕಪಾಟಿನಲ್ಲಿ ತುರುಕುವವರಿಗೆ ಇದೇ ದೋಷ ಎಡಬಲಕ್ಕೆ ತಿರುಗಿಕೊಳ್ಳುತ್ತದೆ. ಸೋಫಾದ ಮೇಲೆ ಕುಳಿತ ಮೂವರಿಗೂ ಮೂರು ಬೇರೆ ಸ್ಪೀಕರ್.

ಪೆಟ್ಟಿಗೆಯ ಅಗಲವೂ ಫಿಲ್ಟರೇ

ಹೊಸಬರು ಕಟ್ಟಿದ ಸ್ಪೀಕರ್‌ಗಳ ಬಗ್ಗೆ ನಾನು ಅತಿ ಹೆಚ್ಚು ಕೇಳುವ ದೂರು: ‘ದನಿ ತೆಳ್ಳಗಿದೆ, ಕಿರುಚುತ್ತದೆ, ಬೇಸ್ ಇಲ್ಲ.’ ಹತ್ತರಲ್ಲಿ ಒಂಬತ್ತು ಸಲ ಇದಕ್ಕೆ ಬ್ಯಾಫಲ್ ಸ್ಟೆಪ್ ಕಾರಣ. ಚಿಕ್ಕ ತರಂಗಗಳಿಗೆ ಮುಂಭಾಗದ ಹಲಗೆ ಗೋಡೆಯಂತಿದ್ದು ಶಬ್ದವೆಲ್ಲ ಮುಂದಕ್ಕೆ ಬರುತ್ತದೆ. ಉದ್ದನೆಯ ತರಂಗಗಳು ಪೆಟ್ಟಿಗೆಯನ್ನು ಬಳಸಿ ಹಿಂದಕ್ಕೂ ಹೋಗುತ್ತವೆ. ಮುಂದೆ ಕುಳಿತವರಿಗೆ ಕೆಳಗಿನ ಆವರ್ತನಗಳು ಗರಿಷ್ಠ 6 ಡೆಸಿಬೆಲ್‌ವರೆಗೆ ಕಡಿಮೆಯಾಗುತ್ತವೆ. 115ನ್ನು ಮೀಟರಿನಲ್ಲಿ ಹೇಳಿದ ಅಗಲದಿಂದ ಭಾಗಿಸಿದರೆ ಈ ಇಳಿಕೆಯ ನಡುಮಧ್ಯ ಸಿಗುತ್ತದೆ: ನಮ್ಮ 22 ಸೆಂಟಿಮೀಟರಿಗೆ ಸುಮಾರು 520 ಹರ್ಟ್ಸ್. ಹಾಡುವವರ ದನಿಯ ತೂಕವೆಲ್ಲ ಇರುವ ಜಾಗ.

ವೂಫರ್‌ನ ಡೇಟಾಶೀಟ್‌ನಲ್ಲಿ ಇದು ಕಾಣುವುದಿಲ್ಲ, ಏಕೆಂದರೆ ಕಂಪನಿಗಳು ದೊಡ್ಡ ಹಲಗೆಯಲ್ಲಿ ಕೂರಿಸಿ ಅಳೆಯುತ್ತವೆ. ಪ್ಯಾಸಿವ್ ಕ್ರಾಸ್‌ಓವರ್ ಏನನ್ನೂ ಏರಿಸಲಾರದು, ಇಳಿಸಬಲ್ಲದು ಅಷ್ಟೇ. ಆದ್ದರಿಂದ ಕೆಳಗಿನದಕ್ಕೆ ಸರಿಯಾಗಿ ಮೇಲಿನದನ್ನು ತಗ್ಗಿಸಬೇಕು. ಗೋಡೆಯ ಹತ್ತಿರವಿಟ್ಟರೆ ಕೋಣೆ ಸ್ವಲ್ಪ ಬೇಸ್ ಮರಳಿಸುತ್ತದೆ, ಹಾಗಾಗಿ ಪೂರ್ತಿ 6 ಬೇಡ, 4 ಡೆಸಿಬೆಲ್ ಸಾಕು. ವಿಧಾನ: ವೂಫರ್‌ನ ಕಾಯಿಲನ್ನು ದೊಡ್ಡದು ಮಾಡುವುದು. 2 ಮಿಲಿಹೆನ್ರಿ ಕಾಯಿಲ್ 500 ಹರ್ಟ್ಸ್‌ನಲ್ಲೇ 6 ಓಮ್‌ಗಿಂತ ಹೆಚ್ಚು ತಡೆ ಒಡ್ಡುತ್ತದೆ, ಅಲ್ಲಿಂದಲೇ ಮೆಲ್ಲನೆ ಇಳಿಸುತ್ತ ಬರುತ್ತದೆ. ಸೂತ್ರ ಹೇಳಿದ 1.16 ಎಲ್ಲಿ, ಈ 2 ಎಲ್ಲಿ!

ಈಗ ನಮ್ಮ ವೂಫರ್ 87ರಿಂದ 83ಕ್ಕೆ ಬಂತು. ಟ್ವೀಟರ್ 91ರಲ್ಲಿದೆ. ಎಂಟು ಡೆಸಿಬೆಲ್ ತಗ್ಗಿಸಬೇಕು. ಟ್ವೀಟರನ್ನು 8 ಓಮ್ ಎಂದುಕೊಂಡು ಸರಣಿಯಲ್ಲಿ 4.7 ಓಮ್, ಟ್ವೀಟರ್‌ಗೆ ಅಡ್ಡಲಾಗಿ 5.6 ಓಮ್ ಹಾಕಿದರೆ 7.7 ಡೆಸಿಬೆಲ್ ಇಳಿಯುತ್ತದೆ, ಫಿಲ್ಟರ್‌ಗೆ ಕಾಣುವ ಭಾರ 8 ಓಮ್‌ನಷ್ಟೇ ಉಳಿಯುತ್ತದೆ. ಎಲ್-ಪ್ಯಾಡ್ ಎನ್ನುವ ಈ ರೆಸಿಸ್ಟರ್ ಜೋಡಿಯನ್ನು ಫಿಲ್ಟರ್ ಮತ್ತು ಟ್ವೀಟರ್ ನಡುವೆ ಇಡಿ, ಫಿಲ್ಟರ್‌ಗಿಂತ ಮೊದಲು ಬೇಡ. ಅಡ್ಡ ರೆಸಿಸ್ಟರ್ ಟ್ವೀಟರ್‌ನ ಇಂಪೀಡೆನ್ಸ್ ಗುಡ್ಡವನ್ನೂ ತಗ್ಗಿಸಿಕೊಡುತ್ತದೆ. 83 ಡೆಸಿಬೆಲ್ ಎಂದರೆ ಕಡಿಮೆಯಾಯಿತಲ್ಲ ಎಂದು ಬೇಸರ ಬೇಡ. ಆಗ ಹೇಳಿದ ಬಿಬಿಸಿ ಪೆಟ್ಟಿಗೆಯೂ ಆಸುಪಾಸು ಅಷ್ಟೇ.

ಅಳತೆ

ದುಬಾರಿ ಕೆಪಾಸಿಟರ್‌ಗೆ ಕೂಡಿಟ್ಟ ಹಣದಲ್ಲಿ ಮೊದಲು ಅಳತೆಯ ಮೈಕ್ ಕೊಳ್ಳಿ. ರೂಮ್ ಇಕ್ಯೂ ವಿಝಾರ್ಡ್ ಎಂಬ ತಂತ್ರಾಂಶ ಅಳೆಯಲು, ವಿಟುಯಿಕ್ಸ್‌ಕ್ಯಾಡ್ ವಿನ್ಯಾಸಕ್ಕೆ, ಎರಡೂ ಉಚಿತ. ಪ್ರತಿಧ್ವನಿಯಿಲ್ಲದ ಕೋಣೆ ಬೇಕಿಲ್ಲ. ಸ್ಪೀಕರ್ ಮತ್ತು ಮೈಕ್ ಎರಡನ್ನೂ ನೆಲದಿಂದ 1.25 ಮೀಟರ್ ಎತ್ತರದಲ್ಲಿ, ಒಂದು ಮೀಟರ್ ಅಂತರದಲ್ಲಿ ಇಟ್ಟರೆ ನೆಲಕ್ಕೆ ಬಡಿದು ಬರುವ ಶಬ್ದ 1.7 ಮೀಟರ್ ಹೆಚ್ಚು ಸಾಗಿ 5 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಅದು ಬರುವ ಮೊದಲೇ ಕತ್ತರಿಸಿದರೆ 200 ಹರ್ಟ್ಸ್‌ನಿಂದ ಮೇಲಿನದೆಲ್ಲ ಶುದ್ಧ. ಗೋಡೆಗಳು ಅಷ್ಟು ದೂರವಿರಬೇಕು. ಇಲ್ಲದಿದ್ದರೆ ಗಾಳಿಯಿಲ್ಲದ ಮುಂಜಾನೆ ತಾರಸಿಗೆ ಹೋಗಿ. ನೆರೆಯವರಿಗೆ ಮೊದಲೇ ಹೇಳಿಡಿ.

ಘಟಕಗಳು ಅವುಗಳದೇ ಪೆಟ್ಟಿಗೆಯಲ್ಲಿ ಕೂತಿರಬೇಕು. ಮೈಕ್ ಟ್ವೀಟರ್‌ನ ಎತ್ತರದಲ್ಲಿರಲಿ, ಅಳತೆ ಮುಗಿಯುವವರೆಗೆ ಅದನ್ನು ಒಂದು ಮಿಲಿಮೀಟರ್ ಕೂಡ ಅಲುಗಿಸಬೇಡಿ. ವೂಫರ್ ಒಂದು ಸಲ, ಟ್ವೀಟರ್ ಒಂದು ಸಲ, ಕೊನೆಗೆ ಎರಡನ್ನೂ ಒಟ್ಟಿಗೆ ಜೋಡಿಸಿ ಒಂದು ಸಲ. ಯುಎಸ್‌ಬಿ ಮೈಕ್‌ಗೆ ಕಾಲದ ಲೆಕ್ಕ ಸರಿಯಾಗಿ ತಿಳಿಯುವುದಿಲ್ಲ, ಮೂರನೇ ಅಳತೆಯೇ ಎರಡು ಘಟಕಗಳ ನಡುವಿನ ನಿಜವಾದ ದೂರವನ್ನು ಬಯಲು ಮಾಡುತ್ತದೆ: ತಂತ್ರಾಂಶದಲ್ಲಿ ಮೊದಲೆರಡನ್ನು ಕೂಡಿಸಿ, ಮೂರನೆಯದಕ್ಕೆ ಹೊಂದುವವರೆಗೆ ಅಂತರವನ್ನು ಬದಲಿಸುತ್ತ ಹೋದರಾಯಿತು. ಟ್ವೀಟರ್‌ಗೆ 20 ಹರ್ಟ್ಸ್‌ನಿಂದ ಸ್ವೀಪ್ (ಕೆಳಗಿನಿಂದ ಮೇಲಕ್ಕೆ ಏರುತ್ತ ಹೋಗುವ ಪರೀಕ್ಷೆಯ ಸ್ವರ) ಕೊಡಬೇಡಿ. 500ರಿಂದ, ಕಡಿಮೆ ವೋಲ್ಟೇಜಿನಲ್ಲಿ. ಮೂರನೇ ಅಳತೆಗೂ ಅದೇ ನಿಯಮ. ಇಂಪೀಡೆನ್ಸ್ ಅಳೆಯಲು ಸೌಂಡ್ ಕಾರ್ಡ್ ಮತ್ತು ಒಂದು 100 ಓಮ್ ರೆಸಿಸ್ಟರ್ ಇದ್ದರೆ ಸಾಕು.

ಇಷ್ಟನ್ನು ತಂತ್ರಾಂಶಕ್ಕೆ ಉಣಿಸಿದ ಮೇಲೆ ವಿನ್ಯಾಸ ಆಟದಂತಾಗುತ್ತದೆ. ಒಂದು ಕೆಪಾಸಿಟರ್ ಬದಲಿಸಿದ ಕೂಡಲೇ ಒಟ್ಟು ಗ್ರಾಫ್, ಫೇಸ್, ಪಕ್ಕದ ದಿಕ್ಕುಗಳು, ಇಂಪೀಡೆನ್ಸ್ ಎಲ್ಲವೂ ಬದಲಾಗುವುದನ್ನು ನೋಡಬಹುದು. ಒಂದು ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಟ್ವೀಟರ್‌ನ ತಂತಿಗಳನ್ನು ತಿರುಗಿಸಿ ನೋಡಿ. ಕೈ ಬದಲಾಗುವ ಆವರ್ತನದಲ್ಲಿ ಆಳವಾದ, ಎರಡೂ ಬದಿ ಸಮನಾದ ಗುಂಡಿ ಬಿದ್ದರೆ ಸರಿಯಾದ ಜೋಡಣೆಯಲ್ಲಿ ಫೇಸ್‌ಗಳು ಹೊಂದಿಕೊಂಡಿವೆ ಎಂದರ್ಥ. ಗುಂಡಿ ಆಳವಿಲ್ಲದೆ ಓರೆಯಾಗಿದ್ದರೆ, ಒಟ್ಟು ಗ್ರಾಫ್ ಎಷ್ಟೇ ನೆಟ್ಟಗಿದ್ದರೂ ನಂಬಬೇಡಿ. ಇಂಪೀಡೆನ್ಸ್‌ನ ಕನಿಷ್ಠವನ್ನೂ ನೋಡಿಕೊಳ್ಳಿ: 8 ಓಮ್ ಎಂದು ಬರೆಯಬೇಕಾದರೆ ಅದು 6.4ಕ್ಕಿಂತ ಕೆಳಗಿಳಿಯಬಾರದು ಎಂಬುದು ಅಂತರರಾಷ್ಟ್ರೀಯ ಮಾನದಂಡದ ನಿಯಮ.

ಗ್ರಾಫ್ ಒಪ್ಪಿಗೆಯಾದ ಮೇಲೆ ಕಿವಿಯ ಸರದಿ. ಬಿಡಿಭಾಗಗಳನ್ನು ಮೇಜಿನ ಮೇಲೆ ಕ್ಲಿಪ್‌ಗಳಿಂದ ಜೋಡಿಸಿ, ಒಂದೇ ಸ್ಪೀಕರ್‌ನಲ್ಲಿ ಕೇಳಿ. ಎರಡಿಟ್ಟರೆ ಸ್ಟೀರಿಯೋ ಮೋಹದಲ್ಲಿ ದೋಷಗಳು ಅಡಗುತ್ತವೆ. ನಾನು ಮೊದಲು ಹಾಕುವುದು ಸಂಗೀತವಲ್ಲ, ಕನ್ನಡ ವಾರ್ತೆ. ನಮ್ಮ ‘ಶ’ಕಾರದ ಶಕ್ತಿ ಹೆಚ್ಚಾಗಿ 2500ರಿಂದ 4000 ಹರ್ಟ್ಸ್ ಆಸುಪಾಸಿನಿಂದ ಶುರುವಾಗುತ್ತದೆ, ‘ಸ’ಕಾರದ್ದು ಅದಕ್ಕಿಂತ ಮೇಲೆ. ಕೈ ಬದಲಾಗುವಲ್ಲಿ ಗುಂಡಿಯಿದ್ದರೆ ‘ಶಾಸಕ’ರ ‘ಶಾ’ ತೆಳುವಾಗಿ ‘ಸಾ’ ಕಡೆಗೆ ವಾಲುತ್ತದೆ. ಗುಬ್ಬಟೆಯಿದ್ದರೆ ಪ್ರತಿ ಶಕಾರವೂ ಉಗುಳಿದಂತೆ ಕೇಳುತ್ತದೆ. (ಷಕಾರವನ್ನು ಬೇರೆಯಾಗಿ ಉಚ್ಚರಿಸುವ ವಾಚಕರು ಸಿಕ್ಕರೆ ನಿಮ್ಮ ಅದೃಷ್ಟ.) ಆಮೇಲೆ ಮೃದಂಗದ ತನಿ. ಎಡಮುಖದ ಗುಂಕಿಯ ತೂಕ ವೂಫರ್‌ನದು, ಬಲಮುಖದ ಚಾಪುವಿನ ಚೂಪು ಟ್ವೀಟರ್‌ನದು. ಒಂದೇ ವಾದ್ಯ ಒಂದೇ ಜಾಗದಲ್ಲಿ ಕೂತಂತೆ ಕೇಳಬೇಕು. ಟ್ವೀಟರ್‌ನ ಸರಣಿ ರೆಸಿಸ್ಟರನ್ನು ಅರ್ಧ ಓಮ್ ಆಚೀಚೆ ಮಾಡಿ ಒಂದು ವಾರ ಕೇಳಿ ನಿರ್ಧರಿಸಿ. ಒಂದೇ ಸಂಜೆಯಲ್ಲಿ ಬೇಡ.

ಬಿಡಿಭಾಗಗಳ ಬಗ್ಗೆ ಸ್ವಲ್ಪ. ಕಾಯಿಲನ್ನು ನೀವೇ ಸುತ್ತಬಹುದು. ಮೋಟಾರ್ ರಿವೈಂಡಿಂಗ್‌ಗೆ ಬಳಸುವ ಎನಾಮಲ್ ಲೇಪಿತ ತಾಮ್ರದ ತಂತಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. 1 ಮಿಲಿಮೀಟರ್ ದಪ್ಪದ ತಂತಿಯಲ್ಲಿ 2 ಮಿಲಿಹೆನ್ರಿ ಸುತ್ತಲು 30 ಮೀಟರ್ ಆಸುಪಾಸು ಬೇಕು, ರೋಧ ಅರ್ಧ ಓಮ್ ದಾಟುತ್ತದೆ. ಆ ರೋಧ ವೂಫರ್‌ನ ಮೇಲೆ ಆಂಪ್ಲಿಫೈಯರ್‌ಗಿರುವ ಹಿಡಿತವನ್ನು ಸಡಿಲಿಸುವುದರಿಂದ ಪೆಟ್ಟಿಗೆಯ ಗಾತ್ರ ಲೆಕ್ಕ ಹಾಕುವಾಗಲೇ ಅದನ್ನು ಸೇರಿಸಿ. ಕಬ್ಬಿಣದ ಒಡಲಿನ ಕಾಯಿಲ್‌ಗೆ ರೋಧ ಕಡಿಮೆ, ಆದರೆ ಜೋರು ಶಬ್ದದಲ್ಲಿ ಕಬ್ಬಿಣದ ಕಾಂತತ್ವ ತನ್ನ ಮಿತಿ ಮುಟ್ಟಿ ಶಬ್ದ ಕೆಡುತ್ತದೆ. ಎರಡು ಕಾಯಿಲ್‌ಗಳನ್ನು ಪಕ್ಕಪಕ್ಕ ಒಂದೇ ದಿಕ್ಕಿಗೆ ಮಲಗಿಸಬೇಡಿ, ಒಂದರ ಕಾಂತಕ್ಷೇತ್ರ ಇನ್ನೊಂದರಲ್ಲಿ ಹರಿಯುತ್ತದೆ. ಒಂದನ್ನು ಮಲಗಿಸಿ ಇನ್ನೊಂದನ್ನು ನಿಲ್ಲಿಸಿ, ದೂರವಿಡಿ. ರೆಸಿಸ್ಟರ್‌ಗಳು 10 ವ್ಯಾಟ್‌ನವು, ಬೋರ್ಡಿನಿಂದ ತುಸು ಎತ್ತಿ ಕೂರಿಸಿ, ಬಿಸಿಯಾಗುತ್ತವೆ.

ಪ್ರಶ್ನೆಗಳಿಗೆ ಬರೋಣ.

ಮೊದಲ ಸಾಲಿನಿಂದ ಒಬ್ಬರು ಕೇಳಿದ್ದಾರೆ: ಡಿಎಸ್‌ಪಿ, ಅಂದರೆ ಡಿಜಿಟಲ್ ಚಿಪ್‌ನಲ್ಲೇ ವಿಂಗಡಿಸುವ ಕ್ರಾಸ್‌ಓವರ್, ಇಷ್ಟು ಅಗ್ಗವಾಗಿರುವಾಗ ಪ್ಯಾಸಿವ್ ಏಕೆ? ನ್ಯಾಯವಾದ ಪ್ರಶ್ನೆ. ಡಿಎಸ್‌ಪಿಯಲ್ಲಿ ಆ 58 ಡಿಗ್ರಿಯ ತಲೆನೋವು ಒಂದು ಗುಂಡಿ ಒತ್ತಿದರೆ ಹೋಗುತ್ತದೆ. ಆದರೆ ಪ್ರತಿ ಘಟಕಕ್ಕೂ ಒಂದು ಆಂಪ್ಲಿಫೈಯರ್ ಬೇಕು, ಪೆಟ್ಟಿಗೆಯ ಬಳಿ ಕರೆಂಟ್ ಬೇಕು, ಅದರ ತಂತ್ರಾಂಶ ಹತ್ತು ವರ್ಷದ ನಂತರದ ಕಂಪ್ಯೂಟರ್‌ನಲ್ಲಿ ತೆರೆಯಬೇಕು. ತಾಮ್ರದ ಕಾಯಿಲ್‌ಗೆ ಇದ್ಯಾವುದೂ ಬೇಡ. ಮನೆಯಲ್ಲಿ ಈಗಾಗಲೇ ಒಂದು ಒಳ್ಳೆಯ ಆಂಪ್ಲಿಫೈಯರ್ ಇರುವವರಿಗೆ ನಾನು ಇಂದಿಗೂ ಪ್ಯಾಸಿವ್ ಎಂದೇ ಹೇಳುತ್ತೇನೆ.

ದುಬಾರಿ ಕೆಪಾಸಿಟರ್‌ನಿಂದ ಶಬ್ದ ಬದಲಾಗುತ್ತದೆಯೇ? ಅಚ್ಚಾದ ಮೌಲ್ಯದಿಂದ 5 ಪ್ರತಿಶತದೊಳಗಿರುವ ಸಾಧಾರಣ ಪಾಲಿಪ್ರೊಪಿಲೀನ್ ಕೆಪಾಸಿಟರ್‌ಗಿಂತ ಮೇಲಕ್ಕೆ ಹೋಗುವ ಅಗತ್ಯ ನನಗೆ ಕಂಡಿಲ್ಲ. ಎಲ್ಲವನ್ನೂ ಎಲ್‌ಸಿಆರ್ ಮೀಟರ್‌ನಲ್ಲಿ (ಕಾಯಿಲ್, ಕೆಪಾಸಿಟರ್, ರೆಸಿಸ್ಟರ್ ಮೂರನ್ನೂ ಅಳೆಯುವ ಉಪಕರಣ) ಅಳೆದು ಎಡ ಬಲ ಪೆಟ್ಟಿಗೆಗಳಿಗೆ ಜೋಡಿ ಮಾಡಿ, ಲಾಭ ಅದರಲ್ಲಿದೆ.

ಕೊನೆಯದು, ಅಜ್ಜನ ಕಾಲದ ಸ್ಪೀಕರ್ ಇದೆ, ಟ್ವೀಟರ್ ಮಂಕಾಗಿದೆ, ಏನು ಮಾಡಲಿ ಎಂಬ ಪ್ರಶ್ನೆ. ಅದರ ಕ್ರಾಸ್‌ಓವರ್‌ನಲ್ಲಿ ನಾನ್-ಪೋಲಾರ್ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳಿದ್ದರೆ ಅವು ಒಣಗಿರಬಹುದು. ಕಿತ್ತು ಅಳೆಯಿರಿ, ಬರೆದ ಮೌಲ್ಯದಿಂದ ಬಹಳ ದೂರ ಸರಿದಿದ್ದರೆ ಬದಲಿಸಿ. ಅದೇ ಜಾಗಕ್ಕೆ ಪಾಲಿಪ್ರೊಪಿಲೀನ್ ಹಾಕುವಾಗ ಒಂದು ಎಚ್ಚರಿಕೆ: ಹಳೆಯದಕ್ಕೆ ತನ್ನದೇ ಆದ ಸಣ್ಣ ರೋಧವಿತ್ತು, ವಿನ್ಯಾಸಕಾರರು ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ಹೊಸದರಲ್ಲಿ ಅದು ಬಹುತೇಕ ಇಲ್ಲ. ಟ್ವೀಟರ್ ಮೊದಲಿಗಿಂತ ಚುರುಕಾಗಿ ಕೇಳಿದರೆ ಕೆಪಾಸಿಟರ್‌ನ ಜೊತೆ ಸರಣಿಯಲ್ಲಿ ಅರ್ಧ ಓಮ್‌ನಷ್ಟು ಒಂದು ರೆಸಿಸ್ಟರ್ ಸೇರಿಸಿ ನೋಡಿ.